ಹತ್ತು–ಇಪ್ಪತ್ತು ಬಲ್ಲವರಿಗೆ ಹೊನ್–ಇಪ್ಪೊನ್: ಜಪಾನಿ ಎಣಿಕೆ ಕಲಿಯುವ ದಾರಿ

ಹತ್ತು, ಇಪ್ಪತ್ತು, ಎಂಬತ್ತು. ಮೂರನ್ನೂ ಒಮ್ಮೆ ಬಾಯಿಬಿಟ್ಟು ಅಂದು ನೋಡ್ರಿ. ಹತ್ತರ ಹಕಾರ ಇಪ್ಪತ್ತಿನಲ್ಲಿ ‘ಪ್ಪ’ ಆಗಿದೆ, ಎಂಬತ್ತಿನಲ್ಲಿ ‘ಬ’ ಆಗಿದೆ. ಅಂಗನವಾಡಿಗೆ ಹೋಗುವ ಮಗು ಕೂಡ ‘ಎರಡುಹತ್ತು’, ‘ಎಂಟುಹತ್ತು’ ಅನ್ನುವುದಿಲ್ಲ.

ಈಗ ಜಪಾನಿಗೆ ಬನ್ನಿ. ಬಾಳೆಹಣ್ಣು, ಪೆನ್ಸಿಲ್, ಕಬ್ಬಿನಂಥ ಉದ್ದನೆಯ ವಸ್ತುಗಳನ್ನು ಎಣಿಸುವಾಗ ಅಂಕಿಗೆ ‘ಹೊನ್’ ಅಂಟಿಸುತ್ತಾರೆ. ಒಂದಾದರೆ ಇಪ್ಪೊನ್, ಎರಡಾದರೆ ನಿಹೊನ್, ಮೂರಾದರೆ ಸಂಬೊನ್. ಹ, ಪ್ಪ, ಬ: ನಮ್ಮ ಆಟವೇ. ಕಾರಣವೂ ಹೆಚ್ಚುಕಡಿಮೆ ಒಂದೇ. ಹಳಗನ್ನಡದ ‘ಪತ್ತು’ ಹೊಸಗನ್ನಡದಲ್ಲಿ ‘ಹತ್ತು’ ಆಯಿತು, ಆದರೆ ಒತ್ತಿನಲ್ಲಿ ಸಿಕ್ಕ ಪಕಾರ ಇಪ್ಪತ್ತಿನಲ್ಲಿ ಹಾಗೇ ಉಳಿಯಿತು, ಸೊನ್ನೆಯ ಪಕ್ಕ ಬಂದದ್ದು ಬಕಾರವಾಗಿ ಉಳಿಯಿತು. ಜಪಾನಿಯ ಹಕಾರವೂ ಒಂದು ಕಾಲಕ್ಕೆ ಪಕಾರವೇ ಆಗಿತ್ತು. ಜಪಾನಿ ಎಣಿಕೆಯಲ್ಲಿ ಕಲಿಯುವವರನ್ನು ಹೆಚ್ಚು ಕಾಡುವ ಈ ಭಾಗ ಕನ್ನಡಿಗರ ನಾಲಿಗೆಗೆ ಹೊಸದಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗಂತೂ ಇನ್ನೂ ಒಂದೆರಡು ಅನುಕೂಲಗಳಿವೆ, ಅವು ಮುಂದೆ ಬರುತ್ತವೆ. ಕೈಗೆ ಸಿಗುವ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್ ಅಥವಾ ಹಿಂದಿ ಬಲ್ಲವರಿಗಾಗಿ ಬರೆದವು. ಅವುಗಳ ಉಚ್ಚಾರಣೆಯ ಸೂಚನೆ ನಮಗೆ ಅನೇಕ ಕಡೆ ಬೇಕಿಲ್ಲ, ಕೆಲವು ಕಡೆ ದಾರಿಯನ್ನೂ ತಪ್ಪಿಸುತ್ತದೆ.

ಮೊದಲು ಬಾಯಿ ತಿದ್ದಿಕೊಳ್ಳಿ

1 ಇಚಿ, 2 ನಿ, 3 ಸನ್, 4 ಯೊನ್ ಅಥವಾ ಶಿ, 5 ಗೊ, 6 ರೊಕು, 7 ನನ ಅಥವಾ ಶಿಚಿ, 8 ಹಚಿ, 9 ಕ್ಯೂ ಅಥವಾ ಕು, 10 ಜೂ.

ಇವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡು ಕಲಿಯಿರಿ. ಹ್ರಸ್ವ ಎ–ಒ, ದೀರ್ಘ ಏ–ಓ ಎರಡಕ್ಕೂ ನಮ್ಮಲ್ಲಿ ಬೇರೆ ಅಕ್ಷರಗಳಿವೆ, ದೇವನಾಗರಿಯಲ್ಲಿ ಈ ಸವಲತ್ತು ಇಲ್ಲ. ತಿಂಗಳ 4ನೇ ತಾರೀಖು ‘ಯೊಕ್ಕ’, 8ನೇ ತಾರೀಖು ‘ಯೋಕ’. ಕನ್ನಡದಲ್ಲಿ ಬರೆದರೆ ಕಣ್ಣಿಗೇ ವ್ಯತ್ಯಾಸ ಕಾಣುತ್ತದೆ. ‘ಕತೆ’ ಮತ್ತು ‘ಕತ್ತೆ’ ಬೇರೆ ಬೇರೆ ಎಂದು ಕೇಳಬಲ್ಲ ಕಿವಿಗೆ ಇದು ಕಷ್ಟವಲ್ಲ.

ಆದರೆ ಅಕಾರದಲ್ಲಿ ಒಂದು ಎಚ್ಚರ ಬೇಕು. ನಮ್ಮ ‘ಅ’ ಬಾಯಿಯನ್ನು ಅರ್ಧ ಮಾತ್ರ ತೆರೆಸುತ್ತದೆ. ಜಪಾನಿಯ ಅಕಾರಕ್ಕೆ ‘ಆ’ ಅನ್ನುವಷ್ಟು ಬಾಯಿ ತೆರೆದು ‘ಅ’ ಅನ್ನುವಷ್ಟೇ ಹೊತ್ತು ನಿಲ್ಲಬೇಕು. ಹಚಿ, ನನ, ಸನ್ ಮೂರರಲ್ಲೂ ಹೀಗೆಯೇ. ಹಾಗೆಂದು ‘ಹಾಚಿ’ ಎಂದು ಎಳೆಯಬೇಡಿ, ಉದ್ದ ಬದಲಾದರೆ ಪದವೇ ಬದಲಾಗುತ್ತದೆ.

ಉದ್ದ ಅಳೆಯಲು ಶಾಲೆಯಲ್ಲಿ ಕಲಿತ ಲಘು–ಗುರು ಸಾಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಜಪಾನಿ ಮಾತಿನ ತಾಳವೂ ಮಾತ್ರೆಯ ತಾಳವೇ. ‘ಇಪ್ಪೊನ್’ಗೆ ಪ್ರಸ್ತಾರ ಹಾಕಿ: ಒತ್ತಕ್ಷರದ ಹಿಂದಿನ ಇ ಗುರು, ವ್ಯಂಜನದಿಂದ ಮುಗಿದ ಪೊನ್ ಗುರು, ಒಟ್ಟು ನಾಲ್ಕು ಮಾತ್ರೆ. ಜಪಾನಿಯವರೂ ಇ–ಪ್–ಪೊ–ನ್ ಎಂದು ನಾಲ್ಕೇ ತಟ್ಟು ಎಣಿಸುತ್ತಾರೆ. ‘ಜೂಯೊಕ್ಕ’ಕ್ಕೆ ಐದು. ತೊಡೆಯ ಮೇಲೆ ತಾಳ ಹಾಕುತ್ತ ಹೇಳಿ, ತಪ್ಪಿದ್ದರೆ ಕೈಗೇ ಗೊತ್ತಾಗುತ್ತದೆ. ಈ ಲೆಕ್ಕ ಒಂದೇ ಕಡೆ ಕೈಕೊಡುತ್ತದೆ. ತ್ಸು, ಹ್ಯ, ಬ್ಯ, ಕ್ಯ ಇವನ್ನು ನಾವು ಒತ್ತು ಕೊಟ್ಟು ಬರೆದರೂ ಜಪಾನಿಯಲ್ಲಿ ಅವು ಒಂಟಿ ಅಕ್ಷರಗಳು, ಹಿಂದಿನ ಅಕ್ಷರವನ್ನು ಗುರು ಮಾಡುವುದಿಲ್ಲ. ‘ನಿಹ್ಯಕು’ ಅಂದರೆ ನಿ–ಹ್ಯ–ಕು, ಮೂರೇ ಮಾತ್ರೆ. ‘ಫುತತ್ಸು’ವನ್ನು ನಮ್ಮ ‘ಉತ್ಸವ’ದಂತೆ ‘ಫುತತ್–ಸು’ ಎಂದು ಒಡೆದರೆ ಕೇಳುವವರಿಗೆ ಬೇರೇನೋ ಕೇಳಿಸುತ್ತದೆ.

ಈ ತ್ಸಕಾರ ಬೀದರಿನ ಮಂದಿಗೆ, ಅದರಲ್ಲೂ ಔರಾದ್, ಭಾಲ್ಕಿ ಕಡೆ ಮರಾಠಿ ಆಡುವವರಿಗೆ, ಆಗಲೇ ಬಾಯಲ್ಲಿದೆ: ‘ಚಾಂಗಲಾ’ ಅನ್ನುವಾಗಿನ ಮೊದಲ ಧ್ವನಿಯೇ ಅದು. ಗುರುಮಠಕಲ್, ಸೇಡಂ ಕಡೆ ತೆಲುಗು ಬಲ್ಲವರು ‘ಚಾಲಾ’ದ ಮೊದಲ ಅಕ್ಷರ ಹಿಡಿಯಿರಿ. ಮೂರು ಸಾವಿರಕ್ಕೆ ‘ಸಂಜ಼ೆನ್’ ಅನ್ನುತ್ತಾರೆ. ಅಲ್ಲಿನ ಜ಼ ದಖನಿಯ ‘ಬಾಜ಼ಾರ್’, ‘ಜ಼ಮೀನ್’ಗಳಲ್ಲಿ ಇರುವಂಥದ್ದು, ‘ಸಂಜೆ’ಯ ಜ ಅಲ್ಲ. ‘ಫು’ ಮಾತ್ರ ಯಾರ ಬಾಯಲ್ಲೂ ಇಲ್ಲದ್ದು. ಹಲ್ಲನ್ನು ತುಟಿಗೆ ತಾಗಿಸದೆ, ದೀಪ ಊದಿ ಆರಿಸುವಂತೆ ಎರಡೂ ತುಟಿಗಳ ನಡುವಿನಿಂದ ಗಾಳಿ ಬಿಡಬೇಕು. ರೊಕುವಿನ ರ ಜೋಳದ ರೊಟ್ಟಿಯ ರ.

ನಮ್ಮ ಭಾಷೆಯೇ ತಂದಿಡುವ ತೊಂದರೆ ಎರಡು. ಮೊದಲನೆಯದು ಸಂಧಿಯ ಚಾಳಿ. ಸ್ವರದ ಮುಂದೆ ಸ್ವರ ಬಂದರೆ ನಡುವೆ ಯ ಅಥವಾ ವ ಸೇರಿಸುವುದು ನಮಗೆ ಉಸಿರಾಡಿದಷ್ಟು ಸಹಜ. ‘ಎಂಟು’ವನ್ನು ‘ಯೆಂಟು’, ‘ಒಂದು’ವನ್ನು ‘ವೊಂದು’ ಅನ್ನುವವರು ನಾವು. ಜಪಾನಿನ ನಾಣ್ಯ ‘ಎನ್’. ಅದನ್ನು ‘ಯೆನ್’ ಮಾಡಬೇಡಿ, ‘ಗೊಎನ್’ ಅನ್ನು ‘ಗೊವೆನ್’ ಮಾಡಬೇಡಿ. ಎರಡನೆಯದು ಕೊನೆಗೆ ಉಕಾರ ಹಚ್ಚುವುದು. ಬಸ್ ಎಂಬುದು ಬಸ್ಸು ಆದಂತೆ ಸನ್ ಎಂಬುದು ‘ಸನ್ನು’ ಆಗಬಾರದು.

ಅದಕ್ಕೆ ಬದಲಾಗಿ ಕಲಬುರಗಿಯ ಮಾತು ಒಂದು ಕಡೆ ನೆರವಿಗೆ ಬರುತ್ತದೆ. ‘ನಾಕ್’, ‘ಹತ್ತ್’ ಎಂದು ಕೊನೆಯ ಉಕಾರವನ್ನು ನಾವು ನುಂಗುತ್ತೇವಲ್ಲ, ಜಪಾನಿಯಲ್ಲೂ ಪದದ ಕೊನೆಯ ತ್ಸು, ಕುಗಳ ಉಕಾರ ಅನೇಕ ವೇಳೆ ಪಿಸುಮಾತಾಗಿ ಹೋಗುತ್ತದೆ. ‘ಹಿತೊತ್ಸು’ವಿನ ಮೊದಲ ಇಕಾರವೂ ಹಾಗೆಯೇ ಗಾಳಿಯಲ್ಲಿ ಮುಗಿಯುತ್ತದೆ. ಧ್ವನಿ ಹೋದರೂ ಅದರ ಮಾತ್ರೆ ಹೋಗುವುದಿಲ್ಲ.

ಎರಡು ಓದುವಿಕೆ ಇರುವ 4, 7, 9ರ ಬಗ್ಗೆ ಒಂದು ಮಾತು. ‘ಶಿ’ ಅಂದರೆ ಸಾವು ಎಂಬ ಅರ್ಥವೂ ಇದೆ, ‘ಕು’ ಅಂದರೆ ಕಷ್ಟ. ಇಚಿ, ಶಿಚಿ, ಹಚಿ ಮೂರೂ ಗದ್ದಲದಲ್ಲಿ ಒಂದೇ ತರಹ ಕೇಳಿಸುತ್ತವೆ. ಆದ್ದರಿಂದ ಗೊತ್ತಿಲ್ಲದ ಕಡೆ ಯೊನ್, ನನ, ಕ್ಯೂ ಬಳಸಿ, ಬಹುಪಾಲು ಸರಿಯಾಗಿಯೇ ಇರುತ್ತದೆ. ಶಿ, ಶಿಚಿ, ಕು ಕಡ್ಡಾಯವಾದ ಜಾಗಗಳು ಕೆಲವೇ. ಅವು ಗಡಿಯಾರ ಮತ್ತು ಕ್ಯಾಲೆಂಡರಿನಲ್ಲಿ ಕುಳಿತಿವೆ.

ನೂರು, ಸಾವಿರ, ಮನ್

ಹತ್ತರ ಮೇಲೆ ಜೋಡಿಸುತ್ತ ಹೋದರಾಯಿತು: 11 ಜೂಇಚಿ, 20 ನಿಜೂ, 48 ಯೊನ್‌ಜೂ ಹಚಿ. ನೂರು ‘ಹ್ಯಕು’. ನಾವು ‘ಎರಡುನೂರು’ ಅನ್ನದೆ ಇನ್ನೂರು, ಮುನ್ನೂರು ಅನ್ನುವಂತೆ ಅಲ್ಲಿಯೂ ಮೂರು ಕಡೆ ರೂಪ ಮುರಿಯುತ್ತದೆ: 300 ಸಂಬ್ಯಕು, 600 ರೊಪ್ಪ್ಯಕು, 800 ಹಪ್ಪ್ಯಕು. ಉಳಿದವು ನಿಹ್ಯಕು, ಯೊನ್‌ಹ್ಯಕು, ಗೊಹ್ಯಕು, ನನಹ್ಯಕು, ಕ್ಯೂಹ್ಯಕು ಎಂದು ನೇರ. ಸಾವಿರ ‘ಸೆನ್’; 3000 ಸಂಜ಼ೆನ್, 8000 ಹಸ್ಸೆನ್. ಬರೀ ನೂರಕ್ಕೆ ‘ಇಚಿಹ್ಯಕು’ ಅನ್ನುವುದಿಲ್ಲ, ಬರೀ ಹ್ಯಕು. ಆದರೆ ಹತ್ತು ಸಾವಿರಕ್ಕೆ ಬರೀ ‘ಮನ್’ ಸಾಲದು, ‘ಇಚಿಮನ್’ ಅನ್ನಲೇಬೇಕು.

ದಿನಾ ಬಾಯಿಗೆ ಬರುವ ಅಂಕಿಗಳಿಂದಲೇ ಅಭ್ಯಾಸ ಮಾಡಿ. ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಭಾಗದ ಮಂದಿಯ ಮಾತಿನಲ್ಲಿ ಸದಾ ಓಡಾಡುವ 371: ಸಂಬ್ಯಕು ನನಜೂ ಇಚಿ. ಬೀದರ್–ಕಲಬುರಗಿ ರೈಲು ಮಾರ್ಗದ ಉದ್ದ 110 ಕಿಲೋಮೀಟರ್: ಹ್ಯಕು ಜುಕ್ಕಿರೊ. ಜೂ + ಕಿರೊ ಸೇರಿ ಜುಕ್ಕಿರೊ ಆಯಿತು, ಯಾಕೆ ಎಂಬುದು ಮುಂದೆ. ಕಲಬುರಗಿಯ ಪಿನ್ ಕೋಡ್ 585101 ಬಿಡಿಬಿಡಿಯಾಗಿ: ಗೋ ಹಚಿ ಗೋ ಇಚಿ ಜ಼ೆರೊ ಇಚಿ. ಗೊ ಇಲ್ಲಿ ‘ಗೋ’ ಆದದ್ದು ಅಚ್ಚಿನ ತಪ್ಪಲ್ಲ. ಫೋನ್ ನಂಬರಿನಂತೆ ಅಂಕಿಗಳನ್ನು ಬಿಡಿಸಿ ಹೇಳುವಾಗ ಒಂದೇ ಮಾತ್ರೆಯ ನಿ ಮತ್ತು ಗೊಗಳನ್ನು ತಾಳಕ್ಕಾಗಿ ನೀ, ಗೋ ಎಂದು ಎಳೆಯುತ್ತಾರೆ.

ಲಕ್ಷ–ಕೋಟಿಯವರಿಗೆ ದೊಡ್ಡ ಅಂಕಿಗಳಲ್ಲಿ ತಲೆ ತಿರುಗುತ್ತದೆ. ಜಪಾನಿಯಲ್ಲಿ ಹೊಸ ಹೆಸರು ಬರುವುದು ನಾಲ್ಕು ನಾಲ್ಕು ಸೊನ್ನೆಗೊಮ್ಮೆ: ಮನ್, ಅದರ ಮೇಲೆ ಒಕು, ಅದರ ಮೇಲೆ ಚೋ. ಸಂಖ್ಯೆ ಬರೆದು ಬಲದಿಂದ ನಾಲ್ಕು ಅಂಕಿಗೊಂದು ಗೆರೆ ಎಳೆಯಿರಿ, ಅಲ್ಪವಿರಾಮಗಳನ್ನು ನೋಡಲೇಬೇಡಿ. 1,00,000 ಎಂಬುದು 10|0000 ಆಗುತ್ತದೆ, ಅಂದರೆ ಜೂಮನ್. 25 ಲಕ್ಷ 250|0000: ನಿಹ್ಯಕು ಗೊಜೂಮನ್. ಒಂದು ಕೋಟಿ 1000|0000: ಇಸ್ಸೆನ್‌ಮನ್. ಹತ್ತು ಕೋಟಿ ಮುಟ್ಟಿದಾಗ ಇಚಿಒಕು. ‘ಒಂದು ಲಕ್ಷ ಅಂದರೆ ಹತ್ತು ಮನ್’ ಎಂಬ ಒಂದು ಸಾಲನ್ನು ಮಾತ್ರ ಕಂಠಪಾಠ ಮಾಡಿ, ಉಳಿದದ್ದು ಅದರಿಂದಲೇ ಬರುತ್ತದೆ. ಅಚ್ಚಿನಲ್ಲಿ ಜಪಾನಿಯವರು ಮೂರು ಅಂಕಿಗೊಂದು ಅಲ್ಪವಿರಾಮ ಹಾಕಿ ಬಾಯಲ್ಲಿ ನಾಲ್ಕರಂತೆ ಓದುತ್ತಾರೆ, ಅದು ಅವರ ಪಾಡು.

ಎಣಿಕೆ ಪದ: ಒಬ್ಬ, ಇಬ್ಬರು, ಮೂರು ಮಂದಿ

ಜಪಾನಿಯಲ್ಲಿ ಅಂಕಿಯೊಂದೇ ವಸ್ತುವನ್ನು ಎಣಿಸಲಾರದು, ಪಕ್ಕದಲ್ಲಿ ಎಣಿಕೆ ಪದ ಬೇಕು. ಅದಕ್ಕೆ ಅಲ್ಲಿ ‘ಜೊಸೂಶಿ’ ಎಂದು ಹೆಸರು. ನಮ್ಮಲ್ಲೂ ಒಂದೇ ಒಂದು ಕಡೆ ಇದು ಗಟ್ಟಿಯಾಗಿದೆ: ಮನುಷ್ಯರನ್ನು ಎಣಿಸುವಾಗ. ‘ಒಂದು ಮನುಷ್ಯ’ ಅನ್ನುವುದಿಲ್ಲ, ಒಬ್ಬ. ಆಮೇಲೆ ಇಬ್ಬರು. ಮಾತಿನಲ್ಲಿ ಅಲ್ಲಿಂದಾಚೆಗೆ ಮೂರು ಮಂದಿ, ನಾಕು ಮಂದಿ. ಜಪಾನಿಯಲ್ಲೂ ಮೊದಲ ಎರಡು ಹಳೆಯ ದೇಸಿ ರೂಪ, ಮೂರರಿಂದ ಅಂಕಿ ಮತ್ತು ‘ನಿನ್’: ಹಿತೊರಿ, ಫುತರಿ, ಸನ್ನಿನ್, ಯೊನಿನ್, ಗೊನಿನ್, ರೊಕುನಿನ್, ನನನಿನ್ ಅಥವಾ ಶಿಚಿನಿನ್, ಹಚಿನಿನ್, ಕ್ಯೂನಿನ್, ಜೂನಿನ್. ನಾಲ್ಕು ಮಂದಿ ‘ಯೊನ್‌ನಿನ್’ ಅಲ್ಲ, ಯೊನಿನ್. ಹೋಟೆಲಿನ ಬಾಗಿಲಲ್ಲಿ ‘ನನ್‌ಮೇ ಸಮ ದೆಸ್ ಕ’ ಎಂದು ಕೇಳಿದರೆ ‘ಎಷ್ಟು ಮಂದಿ ಇದ್ದೀರಿ’ ಎಂದರ್ಥ. ಉತ್ತರ ‘ಫುತರಿ ದೆಸ್’. ‘ಮೇ ಸಮ’ ಎಂಬ ಬಹುವಚನದ ಮರ್ಯಾದೆ ಅವರು ನಮಗೆ ಕೊಡುವುದು, ನಮಗೆ ನಾವೇ ಕೊಟ್ಟುಕೊಳ್ಳುವಂಥದ್ದಲ್ಲ.

ಎರಡನೆಯದಾಗಿ ಕಲಿಯಬೇಕಾದದ್ದು ಯಾವ ವಸ್ತುವಿಗೂ ನಡೆಯುವ ದೇಸಿ ಎಣಿಕೆ: ಹಿತೊತ್ಸು, ಫುತತ್ಸು, ಮಿತ್ತ್ಸು, ಯೊತ್ತ್ಸು, ಇತ್ಸುತ್ಸು, ಮುತ್ತ್ಸು, ನನತ್ಸು, ಯತ್ತ್ಸು, ಕೊಕೊನೊತ್ಸು, ತೋ. 3, 4, 6, 8ರಲ್ಲಿ ಒತ್ತು ಇದೆ, ಉಳಿದವುಗಳಲ್ಲಿ ಇಲ್ಲ. ಎಣಿಕೆ ಪದ ಮರೆತ ಕಡೆಯೆಲ್ಲ ಇದು ಮಾನ ಕಾಪಾಡುತ್ತದೆ, ಮನುಷ್ಯರಿಗೂ ಪ್ರಾಣಿಗಳಿಗೂ ಬಿಟ್ಟು. ಹತ್ತರಾಚೆ ಈ ಸಾಲು ನಡೆಯುವುದಿಲ್ಲ, ಹನ್ನೊಂದಕ್ಕೆ ಬರೀ ಜೂಇಚಿ.

ಮೂರನೆಯದಾಗಿ ರೂಪ ಬದಲಾಗದ ಸಾಧು ಪದಗಳು. ತೆಳ್ಳಗೆ ಚಪ್ಪಟೆಯಾಗಿರುವುದಕ್ಕೆ ‘ಮೈ’: ಕಾಗದ, ಟಿಕೆಟ್, ತಟ್ಟೆ, ಅಂಗಿ, ಖಡಕ್ ರೊಟ್ಟಿ. ಇಚಿಮೈ, ನಿಮೈ, ಸಮ್ಮೈ, ಯೊಮ್ಮೈ, ಹೀಗೆ ಜೂಮೈವರೆಗೆ. ಸನ್ ಎಂಬುದು ಮಕಾರದ ಮುಂದೆ ಸಮ್ ಆದದ್ದು ನಮ್ಮ ಸೊನ್ನೆಯ ಗುಣವೇ; ಅಂಬಲಿ, ಅಂಗಡಿ, ಅಂಚು ಮೂರರಲ್ಲಿ ಒಂದೇ ಸೊನ್ನೆ ಮೂರು ದನಿ ಕೊಡುವುದಿಲ್ಲವೇ, ಹಾಗೆ. ಯಂತ್ರಕ್ಕೆ, ವಾಹನಕ್ಕೆ ‘ದೈ’: ಆಟೊ, ಟ್ರ್ಯಾಕ್ಟರ್, ಮೊಬೈಲ್. ಇಚಿದೈ, ನಿದೈ, ಸಂದೈ.

ವಾಕ್ಯದಲ್ಲಿ ಜಾಗ ಎಲ್ಲಿ ಎಂಬುದನ್ನು ಖಾನಾವಳಿಯ ಮಾತೇ ಕಲಿಸುತ್ತದೆ. ‘ರೊಟ್ಟಿ ಎರಡು ಕೊಡ್ರಿ’ ಅನ್ನುತ್ತೀರಲ್ಲ, ಅದೇ ಜೋಡಣೆ: ‘ರೊಟ್ಟಿ ಒ ನಿಮೈ ಕುದಸೈ’. ವಸ್ತು, ವಿಭಕ್ತಿಯ ‘ಒ’, ಎಣಿಕೆ, ಕ್ರಿಯಾಪದ. ‘ಎರಡು ರೊಟ್ಟಿ’ ಎಂಬ ಜೋಡಣೆಯನ್ನು ಹೊತ್ತುಕೊಂಡು ಹೋಗಿ ‘ನಿಮೈ ರೊಟ್ಟಿ’ ಅಂದರೆ ತಪ್ಪು. ಹಾಗೆ ಹೇಳಲೇಬೇಕಾದರೆ ನಡುವೆ ‘ನೊ’ ಬೇಕು.

1, 6, 8, 10: ಗಂಟು ಬೀಳುವ ನಾಲ್ಕು ಜಾಗ

ಇಲ್ಲಿ ನಿಧಾನಿಸಿ. ಎಣಿಕೆ ಪದದ ಮೊದಲ ಅಕ್ಷರ ಕ, ಸ, ತ, ಹ ಆಗಿದ್ದರೆ ಮಾತ್ರ ಒತ್ತು ಬರುತ್ತದೆ. ಬರುವುದೂ 1, 6, 8, 10ರಲ್ಲಿ ಮಾತ್ರ. 2, 4, 5, 7, 9 ಸಾಮಾನ್ಯವಾಗಿ ಸುಮ್ಮನಿರುತ್ತವೆ. ಮೂರರ ಗುಣ ಬೇರೆ, ಆಮೇಲೆ ನೋಡೋಣ.

ಹಕಾರದ್ದು ಪೂರ್ತಿ ಸಾಲು. ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಬಾಳೆಹಣ್ಣಿನ ಗಾಡಿಯ ಮುಂದೆ ನಿಂತು ಒಂದೊಂದಾಗಿ ಎಣಿಸಿ: ಇಪ್ಪೊನ್, ನಿಹೊನ್, ಸಂಬೊನ್, ಯೊನ್‌ಹೊನ್, ಗೊಹೊನ್, ರೊಪ್ಪೊನ್, ನನಹೊನ್, ಹಪ್ಪೊನ್, ಕ್ಯೂಹೊನ್, ಜುಪ್ಪೊನ್. ಒಂದು ಡಜನ್ ಬೇಕಾದರೆ ಜೂನಿಹೊನ್. ಇಪ್ಪತ್ತೊಂದಾದರೆ ನಿಜೂಇಪ್ಪೊನ್, ಅಂದರೆ ಕೊನೆಯ ಅಂಕಿಯೇ ಯಜಮಾನ. ಲೋಟ, ಬಟ್ಟಲಿನಲ್ಲಿ ತುಂಬಿದ್ದಕ್ಕೆ ‘ಹೈ’, ನಾಯಿ, ಬೆಕ್ಕು, ಮೀನಿಗೆ ‘ಹಿಕಿ’ ಇದೇ ಅಚ್ಚು: ಇಪ್ಪೈ, ನಿಹೈ, ಸಂಬೈ, ಇಪ್ಪಿಕಿ, ನಿಹಿಕಿ, ಸಂಬಿಕಿ. ಮೂರು ಕಪ್ ಚಹಾ ಬೇಕೆ? ‘ಕೋಚ ಒ ಸಂಬೈ ಕುದಸೈ.’

ಅಂದಹಾಗೆ ‘ನಿಹೊನ್’ ಎಂದರೆ ಜಪಾನ್ ದೇಶವೂ ಹೌದು. ಎರಡು ಬಾಳೆಹಣ್ಣಾದರೆ ‘ನಿ’ ಎತ್ತರ, ಮುಂದೆ ದನಿ ಇಳಿಯುತ್ತದೆ. ದೇಶವಾದರೆ ‘ಹೊ’ ಎತ್ತರ.

ಕಕಾರಕ್ಕೆ 1, 6, 10 ಖಚಿತ, 8 ಎರಡೂ ಬಗೆ. ಮೊಟ್ಟೆ, ಮಿಠಾಯಿಯಂಥ ಸಣ್ಣ ವಸ್ತುವಿಗೆ ‘ಕೊ’: ಇಕ್ಕೊ, ನಿಕೊ, ಸಂಕೊ, ಯೊಂಕೊ, ಗೊಕೊ, ರೊಕ್ಕೊ, ನನಕೊ, ಹಕ್ಕೊ ಅಥವಾ ಹಚಿಕೊ, ಕ್ಯೂಕೊ, ಜುಕ್ಕೊ. ಆರಕ್ಕೆ ‘ರೊಕ್ಕ’ ನೆನೆದರೆ ಸಾಕು, ಈ ಭಾಗದವರು ಮರೆಯುವ ಪದವಲ್ಲ ಅದು.

ಸಕಾರ, ತಕಾರಕ್ಕೆ 1, 8, 10. ಆರು ಇಲ್ಲಿ ಸೇರುವುದಿಲ್ಲ. ಪುಸ್ತಕಕ್ಕೆ ‘ಸತ್ಸು’: ಇಸ್ಸತ್ಸು, ಹಸ್ಸತ್ಸು, ಜುಸ್ಸತ್ಸು, ಆದರೆ ರೊಕುಸತ್ಸು. ವಯಸ್ಸಿಗೆ ‘ಸೈ’ ಕೂಡ ಹೀಗೆಯೇ, ಇಪ್ಪತ್ತಕ್ಕೆ ಮಾತ್ರ ‘ಹತಚಿ’ ಎಂಬ ಬೇರೆ ಹೆಸರು. ಎಮ್ಮೆ, ಎತ್ತು, ಕುದುರೆಗೆ ‘ತೋ’: ಇತ್ತೋ, ನಿತೋ, ಸಂತೋ, ಎಂಟಕ್ಕೆ ಹತ್ತೋ, ಹತ್ತಕ್ಕೆ ಜುತ್ತೋ. ಕನ್ನಡದ ಕಿವಿಗೆ ಇದು ದೊಡ್ಡ ಬಲೆ: ‘ಹತ್ತೋ’ ಅಂದರೆ ಎಂಟು ಎಮ್ಮೆ, ಹತ್ತಲ್ಲ.

ಆರು ಯಾಕೆ ಕ ಮತ್ತು ಹಗಳಿಗೆ ಮಾತ್ರ ಒಲಿಯುತ್ತದೆ? ಈ ಅಂಕಿಗಳು ಚೀನಾದಿಂದ ಬಂದಾಗ ಅವುಗಳ ಕೊನೆಯಲ್ಲಿ ಮುಚ್ಚಿದ ವ್ಯಂಜನಗಳಿದ್ದವು. ಒಂದು ಮತ್ತು ಎಂಟಕ್ಕೆ ತ್, ಆರಕ್ಕೆ ಕ್, ಹತ್ತಕ್ಕೆ ಪ್. ರೊಕುವಿನ ಕ್ ಇನ್ನೊಂದು ಕಕಾರದ ಜೊತೆ ಸಲೀಸಾಗಿ ಸೇರಿತು, ಹಳೆಯ ಪಕಾರದ ಜೊತೆಗೂ ಸೇರಿತು, ಸ–ತಗಳ ಜೊತೆ ಸೇರದೆ ‘ಕು’ ಆಗಿ ಬಿಡಿಯಾಗಿ ನಿಂತಿತು. ಹತ್ತಕ್ಕೆ ‘ಜಿಪ್ಪೊನ್’, ‘ಜಿಪ್ಪುನ್’ ಎಂಬ ರೂಪವನ್ನು ಕೆಲವರ ಬಾಯಲ್ಲಿ ಕೇಳುತ್ತೀರಿ, ಅದು ಹಳೆಯದು, ತಪ್ಪಲ್ಲ. ಇಷ್ಟು ತಿಳಿದರೆ ನೂರನ್ನು ಬೇರೆಯಾಗಿ ಕಲಿಯಬೇಕಿಲ್ಲ. ಹ್ಯಕುವೂ ‘ಕು’ವಿನಿಂದ ಮುಗಿಯುವುದರಿಂದ ಆರರ ದಾರಿಯನ್ನೇ ಹಿಡಿಯುತ್ತದೆ: ಹ್ಯಪ್ಪೊನ್, ಹ್ಯಕ್ಕೊ, ಆದರೆ ಹ್ಯಕುಸತ್ಸು.

ಇನ್ನು ಮೂರು. ಮಳೆ + ಕಾಲ = ಮಳೆಗಾಲ, ಕಣ್ + ಪನಿ = ಕಂಬನಿ. ನಮ್ಮ ಆದೇಶ ಸಂಧಿಯಂತೆ ‘ಸನ್’ ಮುಂದಿನ ಅಕ್ಷರವನ್ನು ಮೆತ್ತಗೆ ಮಾಡುತ್ತದೆ. ಆದರೆ ಎಲ್ಲ ಕಡೆ ಅಲ್ಲ, ಆದ್ದರಿಂದ ಪಟ್ಟಿ ಬಾಯಿಗೆ ಬರಬೇಕು: ಸಂಬೊನ್, ಸಂಬಿಕಿ, ಸಂಬೈ, ಸಂಬ್ಯಕು, ಸಂಜ಼ೆನ್, ಚಪ್ಪಲಿ ಜೋಡಿಗೆ ಸಂಜ಼ೊಕು, ಮನೆಗೆ ಸಂಗೆನ್, ಮಹಡಿಗೆ ಸಂಗೈ. ನಿಮಿಷಕ್ಕೆ ಮಾತ್ರ ಬ ಅಲ್ಲ, ಪ: ಸಂಪುನ್. ‘ಎಷ್ಟು’ ಎಂದು ಕೇಳುವ ‘ನನ್’ ಮೂರರ ನೆರಳು. ಸಂಬೊನ್ ಗೊತ್ತಿದ್ದರೆ ನಂಬೊನ್ ಬಂತು, ಸಂಪುನ್ ಗೊತ್ತಿದ್ದರೆ ನಂಪುನ್. ಇದನ್ನು ಬೇರೆ ಪಟ್ಟಿಯಾಗಿ ಉರುಹೊಡೆಯುವುದು ವ್ಯರ್ಥ ಶ್ರಮ.

ಮಹಡಿಯ ವಿಷಯದಲ್ಲಿ ಅರ್ಥದ ತೊಡಕೂ ಇದೆ. ನಮ್ಮ ನೆಲಮಹಡಿ ಅವರಿಗೆ ‘ಇಕ್ಕೈ’, ನಮ್ಮ ಮೊದಲನೇ ಮಹಡಿ ‘ನಿಕೈ’. ‘ಇಕ್ಕೈ’ಗೆ ‘ಒಂದು ಸಲ’ ಎಂಬ ಅರ್ಥವೂ ಇದೆ. ಮೂರಕ್ಕೆ ಬಂದಾಗ ಎರಡೂ ಬೇರೆಯಾಗುತ್ತವೆ: ಮಹಡಿ ಸಂಗೈ, ಮೂರು ಸಲ ಸಂಕೈ. ಮಹಡಿಗೂ ಸಂಕೈ ಅನ್ನುವವರು ಇದ್ದಾರೆ, ಪರೀಕ್ಷೆಯಲ್ಲಿ ಸಂಗೈ ಎಂದೇ ಬರೆಯಿರಿ.

ಅಪರೂಪದ ಎಣಿಕೆ ಪದಗಳ ಹಿಂದೆ ಬೀಳಬೇಡಿ. ಕೋಳಿಗೆ, ಹಕ್ಕಿಗೆ ‘ವ’, ತೊಗರಿ ಕಾಳಿಗೆ ‘ತ್ಸುಬು’ (ಹಿತೊತ್ಸುಬು, ಫುತತ್ಸುಬು) ಇಷ್ಟು ಗೊತ್ತಿದ್ದರೆ ಸಾಕಷ್ಟಾಯಿತು. ಕಲಬುರಗಿ ಕೋಟೆಯ ತೋಪಿಗೆ ‘ಮೊನ್’, ಬೀದರಿನ ಅಷ್ಟೂರಿನ ಗುಮ್ಮಟದಂಥ ಗೋರಿಗೆ ‘ಕಿ’ ಎಂಬ ಎಣಿಕೆ ಪದಗಳಿವೆ. ಖುಷಿಗೆ ತಿಳಿದುಕೊಳ್ಳಿ, ಮೊದಲ ವರ್ಷ ಅವುಗಳಿಂದ ಕೆಲಸವಿಲ್ಲ.

ಗಡಿಯಾರ ಮತ್ತು ಕ್ಯಾಲೆಂಡರ್

ಗಂಟೆಗೆ ‘ಜಿ’. ಎಡವುವುದು ಮೂರೇ ಕಡೆ: 4 ಯೊಜಿ, 7 ಶಿಚಿಜಿ, 9 ಕುಜಿ. ನಿಮಿಷ ಹಕಾರದ ಮನೆಯದು: ಇಪ್ಪುನ್, ನಿಫುನ್, ಸಂಪುನ್, ಯೊಂಪುನ್, ಗೊಫುನ್, ರೊಪ್ಪುನ್, ನನಫುನ್, ಹಪ್ಪುನ್, ಕ್ಯೂಫುನ್, ಜುಪ್ಪುನ್. ‘ಹೊನ್’ ಜೊತೆ ನಾಲ್ಕು ಬದಲಾಗದೆ ‘ಯೊನ್‌ಹೊನ್’ ಆಗಿತ್ತು, ಇಲ್ಲಿ ‘ಯೊಂಪುನ್’ ಆಗಿದೆ, ಗಮನಿಸಿ. ಅರ್ಧ ಗಂಟೆಗೆ ‘ಹನ್’. ಏಳೂವರೆ ಅಂದರೆ ಶಿಚಿಜಿ ಹನ್. ಬಸ್ ನಿಲ್ದಾಣದ ವೇಳಾಪಟ್ಟಿ ಒಳ್ಳೆಯ ಪಠ್ಯಪುಸ್ತಕ. ಬಸ್ ಬರುವವರೆಗೆ ಅದರಲ್ಲಿನ ಹೊರಡುವ ಸಮಯಗಳನ್ನು ಮೇಲಿನಿಂದ ಕೆಳಗೆ ಓದಿ. 4:10 ಯೊಜಿ ಜುಪ್ಪುನ್, 9:03 ಕುಜಿ ಸಂಪುನ್.

ವರ್ಷಕ್ಕೆ ‘ನೆನ್’, ತಿಂಗಳಿಗೆ ‘ಗತ್ಸು’: ಏಪ್ರಿಲ್ ಶಿಗತ್ಸು, ಜುಲೈ ಶಿಚಿಗತ್ಸು, ಸೆಪ್ಟೆಂಬರ್ ಕುಗತ್ಸು. ತಾರೀಖುಗಳು ಮೊದಲ ಹತ್ತು ದಿನ ತಿಥಿಗಳಂತೆ. ಒಂದು, ಎರಡು ಅನ್ನದೆ ಪಾಡ್ಯ, ಬಿದಿಗೆ, ತದಿಗೆ ಅನ್ನುತ್ತೇವಲ್ಲ, ಹಾಗೆ ಒಂದೊಂದಕ್ಕೂ ಹೆಸರಿದೆ: ತ್ಸುಇತಚಿ, ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಇಕ, ನನೊಕ, ಯೋಕ, ಕೊಕೊನೊಕ, ತೋಕ. ‘ತ್ಸುಇತಚಿ’ಯ ಮೂಲದಲ್ಲಿ ಚಂದ್ರ ಹುಟ್ಟುವುದು ಎಂಬ ಅರ್ಥವೇ ಇದೆ, ಪಾಡ್ಯಕ್ಕೆ ಸರಿಯಾಯಿತು. ಹನ್ನೊಂದರಿಂದ ಅಂಕಿ ಮತ್ತು ‘ನಿಚಿ’, ಆದರೆ 14 ಜೂಯೊಕ್ಕ, 20 ಹತ್ಸುಕ, 24 ನಿಜೂಯೊಕ್ಕ. 17, 27ರಲ್ಲಿ ಶಿಚಿ. 19, 29ರಲ್ಲಿ ಕು.

ಅಭ್ಯಾಸಕ್ಕೆ ನಮ್ಮ ದಿನಗಳೇ ಬೇಕಾದಷ್ಟಿವೆ. ಅಂಬೇಡ್ಕರ್ ಜಯಂತಿ ಏಪ್ರಿಲ್ 14: ಶಿಗತ್ಸು ಜೂಯೊಕ್ಕ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17: ಸೆನ್ ಕ್ಯೂಹ್ಯಕು ಯೊನ್‌ಜೂ ಹಚಿನೆನ್ ಕುಗತ್ಸು ಜೂಶಿಚಿನಿಚಿ. ವರ್ಷದಲ್ಲಿ ಒಂಬತ್ತು ‘ಕ್ಯೂ’, ತಿಂಗಳಲ್ಲಿ ಅದೇ ಒಂಬತ್ತು ‘ಕು’. ಈ ಒಂದು ತಾರೀಖು ತಪ್ಪಿಲ್ಲದೆ ಬಂದರೆ ಅರ್ಧ ಅಧ್ಯಾಯ ಮುಗಿದಂತೆ. ಗುಲ್ಬರ್ಗ ಕಲಬುರಗಿಯಾದ 2014ರ ನವೆಂಬರ್ 1: ನಿಸೆನ್ ಜೂಯೊನೆನ್ ಜೂಇಚಿಗತ್ಸು ತ್ಸುಇತಚಿ. ವರ್ಷಕ್ಕೆ ನಾಲ್ಕು ‘ಯೊನೆನ್’, ‘ಯೊನ್‌ನೆನ್’ ಅಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ 2017ರ ಅಕ್ಟೋಬರ್ 29ನ್ನು ನೀವೇ ಬರೆದು ನೋಡಿ. ಕೊನೆಯ ಭಾಗ ‘ನಿಜೂಕುನಿಚಿ’ ಬಂದಿದ್ದರೆ ಸರಿ.

ಒಂದು ದಿನದ ಅವಧಿಗೆ ‘ತ್ಸುಇತಚಿ’ ಬಳಸಬೇಡಿ, ಅದು ಒಂದನೇ ತಾರೀಖು ಮಾತ್ರ. ಅವಧಿಗೆ ಇಚಿನಿಚಿ. ಎರಡು ದಿನದಿಂದ ಮೇಲೆ ತಾರೀಖಿನ ಪದಗಳೇ ಅವಧಿಗೂ ನಡೆಯುತ್ತವೆ.

ಅಭ್ಯಾಸದ ಕ್ರಮ

ದಿನಕ್ಕೆ ಹದಿನೈದು ನಿಮಿಷ, ಮೂರು ವಾರ ಸಾಕು. ಮೊದಲ ವಾರ ಬರೀ ಅಂಕಿ, ತ್ಸು ಸಾಲು, ನಿನ್, ಮೈ. ಎರಡನೇ ವಾರ ಹೊನ್ ಸಾಲೊಂದನ್ನೇ ಮೂರು ದಿನ ಹೇಳಿ, ಅದು ಪಕ್ಕಾ ಆದಮೇಲೆ ಹಿಕಿ, ಹೈ, ಫುನ್ ಒಂದೊಂದು ದಿನಕ್ಕೆ ಬರುತ್ತವೆ. ಉಳಿದ ದಿನ ಕೊ ಮತ್ತು ಸತ್ಸು. ಮೂರನೇ ವಾರ ಗಡಿಯಾರ, ತಾರೀಖು, ಲಕ್ಷ–ಮನ್. ಎಲ್ಲ ಎಣಿಕೆ ಪದಗಳ ದೊಡ್ಡ ಕೋಷ್ಟಕವನ್ನು ಗೋಡೆಗೆ ಅಂಟಿಸಿ ಒಮ್ಮೆಲೇ ಉರುಹೊಡೆಯುವವರು ಎರಡನೇ ವಾರದಲ್ಲೇ ಕೈಬಿಡುವುದು ಹೆಚ್ಚು.

ಸಾಲಾಗಿ ಹೇಳಲು ಬಂದರೆ ಕಲಿತಂತಲ್ಲ. ಇಪ್ಪೊನ್, ನಿಹೊನ್ ಎಂದು ರಾಗ ಹಿಡಿದರೆ ಹಪ್ಪೊನ್‌ಗೆ ತಲುಪಲು ಪ್ರತಿ ಸಲ ಒಂದರಿಂದ ಶುರು ಮಾಡಬೇಕಾಗುತ್ತದೆ. ಒಂದರಿಂದ ಹತ್ತರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ ಕಲಸಿ. ಒಂದು ಚೀಟಿ ತೆಗೆಯಿರಿ, ಕಣ್ಣಿಗೆ ಬಿದ್ದ ವಸ್ತುವಿಗೆ ಜೋಡಿಸಿ ಎರಡು ಸೆಕೆಂಡಿನಲ್ಲಿ ಹೇಳಿ. ತಪ್ಪಿದ ಚೀಟಿ ಮತ್ತೆ ಡಬ್ಬಿಗೆ ಹೋಗಲಿ. ವಾರಕ್ಕೊಮ್ಮೆ ಮೊಬೈಲಿನಲ್ಲಿ ನಿಮ್ಮ ದನಿ ಮುದ್ರಿಸಿ ಕೇಳಿ, ಮೂರೇ ಗುರಿ ಇಟ್ಟುಕೊಳ್ಳಿ: ಒತ್ತು ಬಂತೇ, ಎನ್ ಯೆನ್ ಆಯಿತೇ, ಹಚಿ ಹಾಚಿ ಆಯಿತೇ.

ಎನ್5 ಪರೀಕ್ಷೆಗೆ (ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಮೊದಲ ಹಂತ) ಕೂರುವವರು ಆಲಿಸುವ ಭಾಗಕ್ಕೆ ಜೋಡಿಗಳನ್ನು ಬೇರೆಯಾಗಿ ತಯಾರು ಮಾಡಿಕೊಳ್ಳಬೇಕು: ಯೊಕ್ಕ–ಯೋಕ, ಇಚಿಜಿ–ಶಿಚಿಜಿ, ಸಂಬ್ಯಕು–ಹಪ್ಪ್ಯಕು, ಜೂಇಚಿನಿಚಿ–ಜೂಶಿಚಿನಿಚಿ. ಒಬ್ಬರು ಓದಿ, ಇನ್ನೊಬ್ಬರು ಅಂಕಿಯಲ್ಲಿ ಬರೆಯಿರಿ. ಓದುವವರು ಬೆನ್ನು ತಿರುಗಿಸಿ ಕೂರಲಿ, ತುಟಿ ನೋಡಿ ಬರೆದರೆ ಕಿವಿ ಕಲಿಯುವುದಿಲ್ಲ.